ದುಷ್ಟತನಕ್ಕೆ ಬೆಲೆ ಕಟ್ಟುವ ಆಟ

ಕಾಲ್ಪನಿಕ ಜಗತ್ತಿನಲ್ಲಿ ರಾಜ್ಯ ಕಟ್ಟಿ ಆಳುವ ಕಂಪ್ಯೂಟರ್ ತಂತ್ರದಾಟಗಳಲ್ಲಿ ಧರ್ಮ ಮತ್ತು ನೀತಿ ಎರಡು ಬೇರೆ ಬೇರೆ ಲೆಕ್ಕಗಳು. ಯಾವ ದೇವರ ಪಂಥವನ್ನು ರಾಜಧರ್ಮವಾಗಿ ಒಪ್ಪಿಕೊಳ್ಳಬೇಕು ಎಂಬುದು ಆಟಗಾರನ ಒಂದು ಆಯ್ಕೆ. ಅವನ ರಾಜ್ಯ ಶಿಷ್ಟರದೋ, ತಟಸ್ಥರದೋ, ದುಷ್ಟರದೋ ಎಂಬುದು ಇನ್ನೊಂದು. ಈ ಎರಡನೆಯದನ್ನು ಆಟಗಾರರು ಅಲೈನ್‌ಮೆಂಟ್ ಎನ್ನುತ್ತಾರೆ. ಆಟ ರೂಪಿಸುವವರಿಗೆ ಕಷ್ಟ ಶುರುವಾಗುವುದು ಇವೆರಡನ್ನೂ ಒಂದೇ ನಿಯಮದ ಚೌಕಟ್ಟಿಗೆ ತರುವಾಗ. ಏಳು ಧರ್ಮಗಳಿದ್ದರೂ ಗೆಲ್ಲಬೇಕೆಂದವರೆಲ್ಲ ಒಂದನ್ನೇ ಹಿಡಿದರೆ ಉಳಿದ ಆರು ಗೋಡೆಯ ಮೇಲಿನ ಚಿತ್ರಗಳಾಗಿ ಉಳಿಯುತ್ತವೆ. ಏಳೂ ಒಂದೇ ಫಲ ಕೊಟ್ಟರೆ ಆಯ್ಕೆಗೇ ಅರ್ಥವಿಲ್ಲ. ಫಲದಲ್ಲಿ ಬೇರೆಯಾಗಿದ್ದು, ಬಲದಲ್ಲಿ ಸರಿಸುಮಾರಾಗಿರುವ ದಾರಿಗಳನ್ನು ಕಟ್ಟುವುದಕ್ಕೆ ಆಟದ ಕಸುಬಿನಲ್ಲಿ ಬ್ಯಾಲೆನ್ಸ್ ಮಾಡುವುದು ಎಂದು ಹೆಸರು.

ಎಲ್ಲ ಧರ್ಮಗಳನ್ನೂ ಸಮ ಮಾಡಿಬಿಡುವ ದಾರಿಗೆ ಹೆಸರಾದ ಉದಾಹರಣೆ 2005ರಲ್ಲಿ ಬಂದ ‘ಸಿವಿಲೈಸೇಷನ್ 4’. ಸೊರೆನ್ ಜಾನ್ಸನ್ ಅದರ ಮುಖ್ಯ ವಿನ್ಯಾಸಕ. ಬೌದ್ಧ, ಹಿಂದೂ, ಯಹೂದಿ, ಕ್ರೈಸ್ತ, ಇಸ್ಲಾಂ, ಕನ್‌ಫ್ಯೂಷಿಯನ್, ತಾವೊ ಎಂಬ ಏಳು ನಿಜಜೀವನದ ಧರ್ಮಗಳು ಅದರಲ್ಲಿವೆ. ನಿಯಮದ ಮಟ್ಟಿಗೆ ಏಳಕ್ಕೂ ಒಂದೇ ಶಕ್ತಿ. ಧ್ಯಾನವೆಂಬ ವಿದ್ಯೆಯನ್ನು ಮೊದಲು ಕಲಿತ ರಾಜ್ಯದಲ್ಲಿ ಬೌದ್ಧ ಧರ್ಮ ಹುಟ್ಟುತ್ತದೆ, ಬಹುದೇವೋಪಾಸನೆಯನ್ನು ಮೊದಲು ಕಲಿತಲ್ಲಿ ಹಿಂದೂ ಧರ್ಮ. ಹುಟ್ಟುವ ಕಾಲ ಬೇರೆ ಎನ್ನುವುದನ್ನು ಬಿಟ್ಟರೆ ಫಲದಲ್ಲಿ ವ್ಯತ್ಯಾಸವಿಲ್ಲ. ಜನ ನಂಬುವ ನಿಜ ಧರ್ಮಗಳಿಗೆ ಹೆಚ್ಚು ಕಡಿಮೆ ಅಂಕ ಹಾಕುವುದು ಯಾರಿಗೂ ತಕ್ಕ ಕೆಲಸವಲ್ಲ. ಆ ನಿರ್ಧಾರ ಸರಿಯಾದದ್ದೇ. ಆದರೂ ಆಟದಲ್ಲಿ ಧರ್ಮ ಜಡವಾಗಿ ಬಿದ್ದಿಲ್ಲ. ಒಂದೇ ರಾಜಧರ್ಮದ ಅರಸರು ಹತ್ತಿರವಾಗುತ್ತಾರೆ, ಬೇರೆಯವರು ದೂರವಾಗುತ್ತಾರೆ. ಪಕ್ಕದಲ್ಲಿ ಸ್ಪೇನಿನ ಇಸಬೆಲ್ಲಾ ಇದ್ದು ಧರ್ಮ ಬೇರೆಯಾದರೆ ಯುದ್ಧ ತಪ್ಪದು ಎಂಬುದು ಈ ಆಟ ಆಡಿದವರಿಗೆಲ್ಲ ಗೊತ್ತು. ಧರ್ಮ ಹುಟ್ಟಿದ ಪವಿತ್ರ ನಗರದಲ್ಲಿ ದೇಗುಲ ಎದ್ದರೆ, ಆ ಧರ್ಮ ಹರಡಿದ ಪ್ರತಿ ಊರಿನಿಂದಲೂ ಒಂದೊಂದು ಹೊನ್ನು ಬರುತ್ತದೆ.

ಕಾಲ್ಪನಿಕ ಜಗತ್ತಿಗೆ ಈ ಸಂಕೋಚ ಬೇಕಿಲ್ಲ. ಅಲ್ಲಿನ ದೇವರುಗಳನ್ನು ನಂಬುವವರು ಯಾರೂ ಇಲ್ಲ. ಒಂದು ಪಂಥವನ್ನು ಕ್ರೂರವೆಂದು ಚಿತ್ರಿಸಿದರೆ ಯಾರ ಮನಸ್ಸೂ ನೋಯುವುದಿಲ್ಲ. ಸಿವಿಲೈಸೇಷನ್ 4ರ ಯಂತ್ರವನ್ನೇ ತೆಗೆದುಕೊಂಡು ಈ ಸ್ವಾತಂತ್ರ್ಯವನ್ನು ತುಂಬ ದೂರದವರೆಗೆ ಕೊಂಡೊಯ್ದದ್ದು ‘ಫಾಲ್ ಫ್ರಮ್ ಹೆವನ್ 2’ ಎಂಬ ಮಾಡ್. ಮಾರಾಟದ ಆಟವೊಂದರ ಮೇಲೆ ಆಸಕ್ತರು ಕಟ್ಟಿ ಉಚಿತವಾಗಿ ಹಂಚುವ ರೂಪಾಂತರವೇ ಮಾಡ್. ಇದನ್ನು ಮುನ್ನಡೆಸಿದವರು ‘ಕೇಲ್’ ಎಂಬ ಹೆಸರಿನಲ್ಲಿ ಪರಿಚಿತರಾದ ಡೆರೆಕ್ ಪ್ಯಾಕ್ಸ್‌ಟನ್. ಗೆಳೆಯರ ಜೊತೆ ಮೇಜಿನ ಸುತ್ತ ಕೂತು ಆಡಿಸುತ್ತಿದ್ದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಕಥೆಯ ಲೋಕವನ್ನೇ ಅವರು ಇಲ್ಲಿ ಎರೆಬಸ್ ಎಂಬ ಜಗತ್ತಾಗಿ ಬೆಳೆಸಿದರು. 2007ರಲ್ಲಿ ‘ಬಿಯಾಂಡ್ ದ ಸ್ವೋರ್ಡ್’ ವಿಸ್ತರಣೆ ಹೊರಬಂದಾಗ ಇದೇ ಲೋಕದ ‘ಏಜ್ ಆಫ್ ಐಸ್’ ಎಂಬ ಸಣ್ಣ ಆಟ ಅದರ ಜೊತೆಗೇ ಸಿಕ್ಕಿತು. ಪೂರ್ಣ ಮಾಡ್‌ನಲ್ಲಿ 21 ರಾಜ್ಯಗಳು, ಏಳು ಧರ್ಮಗಳು, ಮೂರು ಅಲೈನ್‌ಮೆಂಟ್‌ಗಳಿವೆ. ಧರ್ಮ ಮತ್ತು ನೀತಿಯ ಸಮತೋಲವನ್ನು ಅರಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಅಲೈನ್‌ಮೆಂಟ್‌ನ ಬೇರು ಇರುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲೇ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅದನ್ನು ಹೊರತಂದಾಗ ಪಾತ್ರಗಳಿಗೆ ಇದ್ದದ್ದು ಮೂರೇ ನಿಲುವು: ಕಟ್ಟಳೆ, ತಟಸ್ಥತೆ, ಅರಾಜಕತೆ. ಪೌಲ್ ಆಂಡರ್ಸನ್ ಮತ್ತು ಮೈಕೆಲ್ ಮೂರ್ಕಾಕ್ ಅವರ ಕಾದಂಬರಿಗಳಲ್ಲಿ ಬರುವ ಕಟ್ಟಳೆ–ಅರಾಜಕತೆಗಳ ಕದನ ಅದಕ್ಕೆ ಸ್ಫೂರ್ತಿ. ಮುಂದೆ ಒಳಿತು ಕೆಡುಕಿನ ಇನ್ನೊಂದು ಗೆರೆ ಸೇರಿ, 1978ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ಹೊತ್ತಿಗೆ ಒಂಬತ್ತು ಮನೆಗಳ ಪಟ್ಟಿಯಾಯಿತು. ಮೇಜಿನ ಆಟದಲ್ಲಿ ಇದು ನಡೆಯಲು ಕಾರಣ, ಅಲ್ಲಿ ಆಟ ನಡೆಸಿಕೊಡುವ ಮನುಷ್ಯನೊಬ್ಬ ಇರುತ್ತಾನೆ. ಧರ್ಮವೀರನೆಂದು ಹೇಳಿಕೊಂಡವನು ಸೆರೆಯಾಳನ್ನು ಕೊಂದರೆ, ಇದು ನಿನಗೆ ಸಲ್ಲದ ಕೆಲಸ ಎಂದು ಅವನು ಅಲ್ಲೇ ತಡೆಯಬಲ್ಲ. ಕಂಪ್ಯೂಟರಿನಲ್ಲಿ ಆ ಮನುಷ್ಯ ಇಲ್ಲ. ಅವನ ವಿವೇಕದ ಕೆಲಸವನ್ನೆಲ್ಲ ಅಂಕಿಗಳು ಮಾಡಬೇಕು. ಫಾಲ್ ಫ್ರಮ್ ಹೆವನ್ ಒಂಬತ್ತು ಮನೆಗಳ ಪಟ್ಟಿಯನ್ನು ಬಿಟ್ಟು ಶಿಷ್ಟ, ತಟಸ್ಥ, ದುಷ್ಟ ಎಂಬ ಮೂರಕ್ಕೆ ನಿಂತದ್ದು ಜಾಣತನ. ಒಂಬತ್ತಕ್ಕೂ ಬೇರೆ ಬೇರೆ ಫಲ ಕಟ್ಟಿ ತೂಗುವುದು ಯಾವ ತಂಡಕ್ಕೂ ಆಗದ ಮಾತು.

ನೀತಿಯನ್ನು ಆಟದ ಹಾಸಿನ ಮೇಲೆ ಇಡುವುದು ಕನ್ನಡ ನಾಡಿಗೆ ಹೊಸದೇನಲ್ಲ. ಪರಮಪದ ಸೋಪಾನದ ಪಟದಲ್ಲಿ ಸದ್ಗುಣದ ಮನೆಗೆ ಏಣಿ, ದುರ್ಗುಣದ ಮನೆಗೆ ಹಾವು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹಲವು ಹಾಸಿನ ಆಟಗಳನ್ನು ರೂಪಿಸಿದವರು. ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ಕೌತುಕನಿಧಿ ಭಾಗದಲ್ಲಿ ಆಟಗಳ ವಿವರವಿದೆ. ಪರಮಪದದಲ್ಲಿ ಎಲ್ಲಿ ಇಳಿಯಬೇಕೆಂದು ಹೇಳುವುದು ದಾಳ, ಆಟಗಾರನ ಆಯ್ಕೆಗೆ ಅಲ್ಲಿ ಎಡೆಯಿಲ್ಲ. ಆಯ್ಕೆ ಕೈಯಲ್ಲಿದ್ದಿದ್ದರೆ ಎಲ್ಲರೂ ಏಣಿಯನ್ನೇ ಹತ್ತುತ್ತಿದ್ದರು. ತಂತ್ರದಾಟ ಅದೇ ಆಯ್ಕೆಯನ್ನು ಆಟಗಾರನಿಗೆ ಬಿಡುತ್ತದೆ. ಹಾಗಾಗಿ ಹಾವಿನ ಮನೆಯಲ್ಲೂ ಏನಾದರೂ ಲಾಭ ಇಡಲೇಬೇಕು, ಏಣಿಗೂ ಒಂದು ಬೆಲೆ ಇರಬೇಕು.

ಇಲ್ಲಿಂದಲೇ ಮೊದಲ ದೊಡ್ಡ ತೊಡಕು ಹುಟ್ಟುತ್ತದೆ. ಆಟದ ನಿಯಮವಾಗಿ ಬರೆದಾಗ ಒಳ್ಳೆಯತನ ಬಹುಪಾಲು ನಿಷೇಧಗಳ ಪಟ್ಟಿಯಾಗುತ್ತದೆ: ಊರು ಸುಡಬಾರದು, ಬಲಿ ಕೊಡಬಾರದು, ಸತ್ತವರನ್ನು ಎಬ್ಬಿಸಿ ಸೇನೆ ಕಟ್ಟಬಾರದು. ಕೆಟ್ಟತನ ಅನುಮತಿಗಳ ಪಟ್ಟಿ. ಹೆಚ್ಚು ಅನುಮತಿ ಇದ್ದವನಿಗೆ ಹೆಚ್ಚು ಉಪಾಯ, ಹೆಚ್ಚು ಉಪಾಯ ಇದ್ದವನಿಗೆ ಹೆಚ್ಚು ಗೆಲುವು. ವಿನ್ಯಾಸಕ ಸುಮ್ಮನೆ ಕೂತರೆ ದುಷ್ಟ ಪಕ್ಷ ತನ್ನಷ್ಟಕ್ಕೇ ಮೇಲಾಗುತ್ತದೆ. ಎರೆಬಸ್‌ನ ಕ್ಯಾಲಬಿಮ್ ರಾಜ್ಯವನ್ನು ನೋಡಿದರೆ ಇದು ತಿಳಿಯುತ್ತದೆ. ಅದು ರಕ್ತಪಿಶಾಚಿಗಳ ರಾಜ್ಯ. ಅದರ ಪಿಶಾಚಿ ಯೋಧರು ತಮ್ಮದೇ ಊರಿನ ಜನರನ್ನು ತಿಂದು ಯುದ್ಧದ ಅನುಭವ ಗಳಿಸಿಕೊಳ್ಳುತ್ತಾರೆ. ಬೇರೆ ರಾಜ್ಯಗಳಲ್ಲಿ ಜನರ ಅಸಮಾಧಾನ ಅರಸನಿಗೆ ಕಡಿವಾಣ; ಕ್ಯಾಲಬಿಮ್‌ನ ಗವರ್ನರ್ ಮಾಳಿಗೆ ಇದ್ದ ಊರಿನಲ್ಲಿ ಅಸಮಾಧಾನಗೊಂಡ ಪ್ರತಿಯೊಬ್ಬನಿಂದಲೂ ಉತ್ಪಾದನೆ ಹೆಚ್ಚುತ್ತದೆ. ತಡೆಯಬೇಕಾದ ನಿಯಮವೇ ಇಲ್ಲಿ ವರಮಾನವಾಯಿತು. ಕಥೆಗೆ ಇದು ಅದ್ಭುತವಾಗಿ ಒಪ್ಪುತ್ತದೆ, ತಕ್ಕಡಿಯನ್ನಂತೂ ಬಗ್ಗಿಸುತ್ತದೆ.

ಈ ತೊಡಕಿಗೆ ಮಾಡ್ ಕೊಟ್ಟ ಉತ್ತರವೇ ಆರ್ಮಗೆಡನ್ ಕೌಂಟರ್, ಪ್ರಳಯವನ್ನು ಅಳೆಯುವ ಎಣಿಕೆ. ಸೊನ್ನೆಯಿಂದ ನೂರರವರೆಗಿನ ಈ ಅಂಕಿ ಇಡೀ ಜಗತ್ತಿಗೆ ಒಂದೇ. ಆಶೆನ್ ವೇಲ್ ಎಂಬ ದುಷ್ಟ ಧರ್ಮ ಹರಡಿದಷ್ಟೂ ಅದು ಏರುತ್ತದೆ. ಗೆದ್ದ ಊರನ್ನು ಉಳಿಸದೆ ಸುಟ್ಟರೂ ಏರುತ್ತದೆ. ಮೂವತ್ತು ಮುಟ್ಟಿದಾಗ ಬ್ಲೈಟ್ ಎಂಬ ಪಿಡುಗು ಬಂದು ಊರುಗಳ ಆರೋಗ್ಯ ಕೆಡಿಸುತ್ತದೆ. ಮುಂದಿನ ಹಂತಗಳಲ್ಲಿ ಪ್ರಳಯದ ಸವಾರರು ಒಬ್ಬೊಬ್ಬರಾಗಿ ಭೂಮಿಗೆ ಬರುತ್ತಾರೆ. ನೂರಕ್ಕೆ ಪ್ರಳಯವೇ ಬಂದು ಜನರ, ಸೇನೆಗಳ ದೊಡ್ಡ ಪಾಲು ನಾಶವಾಗುತ್ತದೆ. ಎಣಿಕೆಯನ್ನು ಇಳಿಸಲೂ ದಾರಿಯಿದೆ: ಸುಟ್ಟ ಊರಿನ ಅವಶೇಷವನ್ನು ಶುದ್ಧಿ ಮಂತ್ರದಿಂದ ಪಾವನಗೊಳಿಸಬಹುದು, ಎಲೋಹಿಮ್ ಎಂಬ ಸಾಧುಗಳ ಹೆಸರಿನ ಪಾವನಗೊಳಿಸುವ ವಿಧಿಯನ್ನು ನಡೆಸಬಹುದು.

ಅಂಕಿ ಏರಿದಂತೆ ನೆಲವೂ ಮಾರ್ಪಡುತ್ತದೆ. ನರಕದ ನೆಲ ಮೊದಲು ದುಷ್ಟರ ಸೀಮೆಯಲ್ಲಿ ಹಬ್ಬುತ್ತದೆ, ಆಮೇಲೆ ತಟಸ್ಥರ ಸೀಮೆಯಲ್ಲಿ, ಶಿಷ್ಟರ ಸೀಮೆಗೆ ಕೊನೆಯಲ್ಲಿ. ಗೋಧಿ ಬೆಳೆಯುತ್ತಿದ್ದ ಹೊಲದಲ್ಲಿ ಹಾವಿನ ಕಂಬಗಳು ಏಳುತ್ತವೆ. ಕುದುರೆಗಳ ಜಾಗಕ್ಕೆ ದುಃಸ್ವಪ್ನದ ಕುದುರೆಗಳು ಬರುತ್ತವೆ. ಈ ಅನುಕ್ರಮದಲ್ಲೇ ನ್ಯಾಯವಿದೆ. ಪ್ರಳಯವನ್ನು ಕರೆದವನ ಹೊಲವೇ ಮೊದಲು ಹಾಳಾಗುವುದರಿಂದ, ದುಷ್ಟತನಕ್ಕೆ ಯಾರೂ ಬೈಯದೆಯೇ ದಂಡ ಬೀಳುತ್ತದೆ. ನೀತಿಪಾಠವನ್ನು ಮಾತಿನಲ್ಲಿ ಹೇಳದೆ ನೆಲದ ಮೇಲೆ ತೋರಿಸಿದ ಈ ಕಲ್ಪನೆ ಇಡೀ ಮಾಡ್‌ನಲ್ಲೇ ಶ್ರೇಷ್ಠವಾದದ್ದು.

ಆದರೆ ಆ ದಂಡ ಎಲ್ಲ ದುಷ್ಟರಿಗೂ ತಟ್ಟುವುದಿಲ್ಲ. ಆಶೆನ್ ವೇಲ್ ಅನುಯಾಯಿಗಳಿಗೆ ‘ದುರ್ಬಲರನ್ನು ಬಲಿಕೊಡು’ ಎಂಬ ಆಡಳಿತ ನೀತಿ ಸಿಗುತ್ತದೆ. ಅದನ್ನು ಜಾರಿಗೆ ತಂದರೆ ಪ್ರತಿ ಪ್ರಜೆ ತಿನ್ನುವ ಆಹಾರ ಇಳಿಯುತ್ತದೆ, ಹಾಳಾದ ಹೊಲದ ಪೆಟ್ಟು ಅಷ್ಟು ಕಡಿಮೆಯಾಗುತ್ತದೆ. ‘ನರಕದ ಒಪ್ಪಂದ’ ಎಂಬ ವಿದ್ಯೆಯನ್ನು ಯಾರಾದರೂ ಮೊದಲು ಕಲಿತರೆ ಹೈಬೊರೆಮ್ ಎಂಬ ದೈತ್ಯ ತನ್ನ ಇನ್‌ಫರ್ನಲ್ ರಾಜ್ಯದೊಂದಿಗೆ ಜಗತ್ತಿಗೆ ಇಳಿಯುತ್ತಾನೆ. ಅವನ ಪ್ರಜೆಗಳಿಗೆ ಆಹಾರವೇ ಬೇಡ. ಹಾಗಾಗಿ ಹಾವಿನ ಕಂಬ ಅವನಿಗೆ ನಷ್ಟವಲ್ಲ. ಜಗತ್ತಿನಲ್ಲಿ ಎಲ್ಲಿಯೇ ಆಗಲಿ ದುಷ್ಟ ಯೋಧರು ಸತ್ತರೆ ಅವರು ಅವನ ಊರುಗಳಲ್ಲಿ ಮತ್ತೆ ಹುಟ್ಟಿ ಜನಸಂಖ್ಯೆ ಬೆಳೆಸುತ್ತಾರೆ. ಇದಕ್ಕೆ ಎದುರಾಗಿ ಮರ್ಕ್ಯೂರಿಯನ್ ದ್ವಾರ ಕಟ್ಟಿದವರಿಗೆ ಬೇಸಿಯಮ್ ಎಂಬ ದೇವದೂತ ಮಿತ್ರನಾಗಿ ಬರುತ್ತಾನೆ. ಸತ್ತ ಶಿಷ್ಟ ಯೋಧರು ಅವನ ಪಡೆಯಲ್ಲಿ ದೇವದೂತರಾಗುತ್ತಾರೆ. ಆಡುತ್ತಿರುವವನು ತನ್ನ ರಾಜ್ಯ ಬಿಟ್ಟು ಹೈಬೊರೆಮ್‌ನನ್ನೋ ಬೇಸಿಯಮ್‌ನನ್ನೋ ತಾನೇ ನಡೆಸಲೂಬಹುದು. ಒಂದೆಡೆ ಏರಿದ ಕೆಡುಕು ಇನ್ನೊಂದೆಡೆಯೂ ಬಲ ತುಂಬುತ್ತದೆ. ಕೊನೆಗಾಲದ ಯುದ್ಧಗಳು ಏಕಪಕ್ಷೀಯವಾಗದಿರಲು ಇದೊಂದು ಒಳ್ಳೆಯ ಹೂಟ.

ಧರ್ಮ ಅಲೈನ್‌ಮೆಂಟನ್ನು ಹೇಗೆ ತಿರುಗಿಸುತ್ತದೆ ಎಂಬುದು ಮುಂದಿನ ಪ್ರಶ್ನೆ. ದಿ ಆರ್ಡರ್ ಧರ್ಮವನ್ನು ಒಪ್ಪಿದ ರಾಜ್ಯ ಶಿಷ್ಟವಾಗುತ್ತದೆ, ಆಶೆನ್ ವೇಲ್ ಒಪ್ಪಿದ್ದು ದುಷ್ಟವಾಗುತ್ತದೆ, ಕಾಡಿನ ಧರ್ಮವಾದ ಫೆಲೋಶಿಪ್ ಆಫ್ ಲೀವ್ಸ್ ಒಪ್ಪಿದ್ದು ತಟಸ್ಥವಾಗುತ್ತದೆ. ಅಲೈನ್‌ಮೆಂಟಿಗೆ ತಕ್ಕಂತೆ ಮೇಲ್ದರ್ಜೆಯ ಯೋಧರು ಬದಲಾಗುತ್ತಾರೆ: ಶಿಷ್ಟರಿಗೆ ಪ್ಯಾಲಡಿನ್, ತಟಸ್ಥರಿಗೆ ಡ್ರೂಯಿಡ್, ದುಷ್ಟರಿಗೆ ಐಡೊಲಾನ್. ಆದ್ದರಿಂದ ಧರ್ಮದ ಆಯ್ಕೆ ಕೊನೆಗಾಲದ ಸೇನೆಯ ಆಯ್ಕೆಯೂ ಹೌದು. ಸ್ವಾರ್ತಾಲ್ಫರ್ ಎಂಬ ಕತ್ತಲ ಎಲ್ಫ್‌ಗಳ ಇಕ್ಕಟ್ಟು ಇದನ್ನು ಚೆನ್ನಾಗಿ ತೋರಿಸುತ್ತದೆ. ಎಲ್ಫ್‌ಗಳು ಮರ ಕಡಿಯದೆ ಕಾಡಿನೊಳಗೇ ಹೊಲ, ಗುಡಿಸಲು ಕಟ್ಟಬಲ್ಲವರು. ಲೀವ್ಸ್ ಧರ್ಮದ ಅನುಯಾಯಿಗಳು ಬೋಳು ನೆಲದಲ್ಲಿ ಕಾಡು ಅರಳಿಸಬಲ್ಲರು, ಅವರ ಪುರಾತನ ಕಾಡು ಹೆಚ್ಚು ಆಹಾರ ಕೊಡುತ್ತದೆ. ಬಯಲಿನ ರಾಜ್ಯಕ್ಕೆ ಸಾಧಾರಣವಾದ ಈ ಧರ್ಮ ಎಲ್ಫ್‌ಗಳಿಗೆ ಹಲವು ಪಟ್ಟು ಬೆಲೆಯುಳ್ಳದ್ದು. ಸ್ವಾರ್ತಾಲ್ಫರ್ ಅದನ್ನು ಹಿಡಿದರೆ ಊರುಗಳು ಬೆಳೆಯುತ್ತವೆ, ಆದರೆ ದುಷ್ಟರಾಗಿದ್ದವರು ತಟಸ್ಥರಾಗಿ ಐಡೊಲಾನ್‌ಗಳನ್ನು ಕಳೆದುಕೊಳ್ಳುತ್ತಾರೆ. ಇಂಥ ಇಕ್ಕಟ್ಟೇ ಒಳ್ಳೆಯ ಸಮತೋಲದ ಗುರುತು.

ಇದೇ ಸಂಗತಿಯಲ್ಲಿ ಒಂದು ಅಪಾಯವೂ ಅಡಗಿದೆ. ಏಳು ಧರ್ಮಗಳನ್ನು ಮಾತ್ರ ತೂಗಿದರೆ ಸಾಲದು. 21 ರಾಜ್ಯಗಳ ಜೊತೆ ಅವು ಕೂಡಿದಾಗ ಆಗುವ ಜೋಡಿಗಳು ನೂರನ್ನು ದಾಟುತ್ತವೆ. ಗಣಿ ಮತ್ತು ಹೊನ್ನಿನ ಕಡೆಗೆ ವಾಲಿದ ರೂನ್ಸ್ ಆಫ್ ಕಿಲ್‌ಮಾರ್ಫ್ ಧರ್ಮ, ಖಜಾನೆ ತುಂಬಿದಷ್ಟೂ ಪ್ರಜೆಗಳು ಸಂತೋಷಪಡುವ ಕುಬ್ಜರ ಖಜಾದ್ ರಾಜ್ಯಕ್ಕೆ ಹೇಳಿ ಮಾಡಿಸಿದಂತಿದೆ. ಇಂಥ ಜೋಡಿ ಕಥೆಗೆ ಚೆಂದ. ಆಟಕ್ಕೆ ಮಾತ್ರ ಎಚ್ಚರ ಬೇಕು: ಒಂದು ರಾಜ್ಯಕ್ಕೆ ಒಂದೇ ಧರ್ಮ ಸರಿ ಎಂದಾದ ಮೇಲೆ ಅಲ್ಲಿ ಆಯ್ಕೆ ಉಳಿದಿಲ್ಲ. ಗ್ರಿಗೊರಿ ರಾಜ್ಯಕ್ಕೆ ಇನ್ನೊಂದು ಬಗೆಯ ಪರಿಹಾರ ಸಿಕ್ಕಿದೆ. ಅದರ ನಾಯಕ ಕ್ಯಾಸಿಯಲ್ ದೇವರುಗಳನ್ನೇ ತೊರೆದವನು, ಯಾವ ಧರ್ಮವನ್ನೂ ಒಪ್ಪಲಾರ. ಧರ್ಮದಿಂದ ಬರುವ ವೀರರು ಅವನಿಗೆ ಇಲ್ಲ. ಬದಲಿಗೆ ಆಗಾಗ ಸಾಹಸಿಗಳು ಹುಟ್ಟಿಕೊಂಡು ವೀರರಂತೆ ಬೆಳೆಯುತ್ತಾರೆ. ದೇವರಿಲ್ಲದ ದಾರಿಯೂ ಆಡಬಲ್ಲ ದಾರಿಯಾಗಿ ಉಳಿದಿದೆ.

ಕಾಲವೂ ಒಂದು ತೂಕದ ಕಲ್ಲು. ರೂನ್ಸ್, ಲೀವ್ಸ್ ಮತ್ತು ಸಮುದ್ರದಾಳದ ಆಕ್ಟೋಪಸ್ ಓವರ್‌ಲಾರ್ಡ್ಸ್ ಬೇಗ ಸಿಗುವ ಧರ್ಮಗಳು. ಆರ್ಡರ್ ಮತ್ತು ಆಶೆನ್ ವೇಲ್‌ಗಳಿಗೆ ದುಬಾರಿ ವಿದ್ಯೆಗಳನ್ನು ಕಲಿಯಬೇಕು, ಬಲವೂ ಅದಕ್ಕೆ ತಕ್ಕಂತೆ ಹೆಚ್ಚು. ಬೇಗ ಸಿಕ್ಕ ಧರ್ಮ ನೂರು ಸರದಿಗಳ ಕಾಲ ಸಣ್ಣ ಲಾಭ ಕೊಟ್ಟರೆ, ತಡವಾಗಿ ಬಂದದ್ದು ಒಮ್ಮೆಲೇ ದೊಡ್ಡ ಲಾಭ ಕೊಡುತ್ತದೆ. ಸಣ್ಣ ಲಾಭವನ್ನು ಮೊದಲೇ ಪಡೆದವನು ಊರುಗಳನ್ನು ಬೆಳೆಸಿ, ಆ ಊರುಗಳಿಂದ ಇನ್ನಷ್ಟು ಬೆಳೆಯುತ್ತಾನೆ. ತಂತ್ರದಾಟಗಳಲ್ಲಿ ಬಡ್ಡಿಗೆ ಬಡ್ಡಿ ಬೀಳುವುದು ಯಾವಾಗಲೂ ಮೊದಲು ಹೊರಟವನಿಗೆ. ಪ್ರತಿ ಧರ್ಮದ ವೀರ ಜಗತ್ತಿಗೆ ಒಬ್ಬನೇ ಆದ್ದರಿಂದ ಮೊದಲು ಮುಟ್ಟಿದವನಿಗೆ ಇನ್ನೂ ಒಂದು ಲಾಭ: ರೂನ್ಸ್‌ಗೆ ಬ್ಯಾಂಬರ್, ಆರ್ಡರ್‌ಗೆ ವಾಲಿನ್ ಫಾನ್ಯುಯೆಲ್, ವೇಲ್‌ಗೆ ರೋಸಿಯರ್. ಎದುರಾಳಿಯ ಊರಿಗೆ ತನ್ನ ಧರ್ಮ ಹರಡಿಸಿದರೆ ಪವಿತ್ರ ನಗರಕ್ಕೆ ಹಣ ಬರುತ್ತದೆ, ಜೊತೆಗೆ ಅವನಿಗೂ ಆ ಧರ್ಮದ ಬಾಗಿಲು ತೆರೆಯುತ್ತದೆ. ಈ ಎರಡನೆಯ ಪರಿಣಾಮ ಮೊದಲನೆಯದಕ್ಕೆ ಒಳ್ಳೆಯ ಕಡಿವಾಣ.

ತಟಸ್ಥರ ಪಾಡು ಎಲ್ಲ ಆಟಗಳಲ್ಲೂ ಬಿಡಿಸಲಾಗದ ಗಂಟು. ಎರಡೂ ಕಡೆಯ ಸೌಲಭ್ಯ ಸಿಕ್ಕರೆ ತಟಸ್ಥತೆಯೇ ಎಲ್ಲರ ಆಯ್ಕೆ. ಎರಡೂ ಕಡೆಯ ನಿಷೇಧ ಬಿದ್ದರೆ ಅದು ಯಾರಿಗೂ ಬೇಡ. ಡ್ರೂಯಿಡ್‌ನಂಥ ಸ್ವಂತ ಲಾಭ ಇಟ್ಟದ್ದು ಸರಿಯಾದ ಹೆಜ್ಜೆ. ಆದರೂ ಪ್ರಳಯದ ಕಥೆಯಲ್ಲಿ ತಟಸ್ಥರಿಗೆ ತಮ್ಮದೇ ಗುರಿ ಕಡಿಮೆ. ಅವರು ಎರಡು ಬೆಂಕಿಗಳ ನಡುವೆ ಕಾಯುತ್ತಾ ಕೂರುತ್ತಾರೆ. ಮಾಡ್‌ನ ವಿನ್ಯಾಸದಲ್ಲಿ ತೆಳುವಾಗಿ ಉಳಿದ ಜಾಗ ಇದೇ.

ಬೇರೆ ಆಟಗಳು ಹಿಡಿದ ದಾರಿಗಳು ಬೇರೆ. 1994ರ ‘ಮಾಸ್ಟರ್ ಆಫ್ ಮ್ಯಾಜಿಕ್’ನಲ್ಲಿ ಜೀವದ ಮಂತ್ರವಿದ್ಯೆ ಮತ್ತು ಮರಣದ ಮಂತ್ರವಿದ್ಯೆಗಳನ್ನು ಒಬ್ಬನೇ ಆರಿಸಿಕೊಳ್ಳುವಂತಿಲ್ಲ, ನಿಯಮ ಅಷ್ಟೇ, ಚಿಕ್ಕದು, ಗಟ್ಟಿಯಾದದ್ದು. 1999ರ ‘ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3’ರಲ್ಲಿ ಬೇರೆ ಬೇರೆ ಪಕ್ಷದ ಪಡೆಗಳನ್ನು ಒಂದೇ ಸೇನೆಯಲ್ಲಿ ಬೆರೆಸಿದರೆ ಸೇನೆಯ ಸ್ಥೈರ್ಯ ಕುಸಿಯುತ್ತದೆ, ಅಂದರೆ ನೀತಿಯ ದಂಡ ಯುದ್ಧಭೂಮಿಯಲ್ಲೇ ವಸೂಲಾಗುತ್ತದೆ. 2014ರ ‘ಏಜ್ ಆಫ್ ವಂಡರ್ಸ್ 3’ ಒಂದು ಹೆಜ್ಜೆ ಮುಂದೆ ಹೋಗಿ, ಅಲೈನ್‌ಮೆಂಟನ್ನು ಜನ್ಮದಿಂದ ಬಿಡಿಸಿ ನಡತೆಗೆ ಕಟ್ಟಿತು: ಶಾಂತಿ ಮಾಡಿಕೊಂಡರೆ ಒಳ್ಳೆಯ ಕಡೆಗೆ, ಊರು ದೋಚಿದರೆ ಕೆಟ್ಟ ಕಡೆಗೆ. ಇಲ್‌ವಿಂಟರ್ ತಂಡದ ‘ಡೊಮಿನಿಯನ್ಸ್’ ಸರಣಿಯಲ್ಲಿ ಆಟಗಾರನೇ ದೇವರಾಗಲು ಹೊರಟವನು. ನಂಬಿಕೆ ನಕ್ಷೆಯ ಮೇಲೆ ಸೀಮೆಯಿಂದ ಸೀಮೆಗೆ ಹರಡುತ್ತದೆ, ಅದು ಪೂರ್ತಿ ಅಳಿದರೆ ಸೇನೆ ಎಷ್ಟೇ ದೊಡ್ಡದಿದ್ದರೂ ಆಟ ಮುಗಿಯಿತು. ಧರ್ಮಕ್ಕೆ ಸೇನೆಯಷ್ಟೇ ತೂಕ ಕೊಟ್ಟ ಆಟಗಳು ಕಡಿಮೆ. ಇದು ಅವುಗಳಲ್ಲಿ ಒಂದು.

ಅಂಕಿಗಳನ್ನು ತಿದ್ದುವ ಕೆಲಸ ಒಂದು ಸಲಕ್ಕೆ ಮುಗಿಯುವುದಿಲ್ಲ. ಆಟಗಾರರು ಯಾವ ಧರ್ಮವನ್ನು ಎಷ್ಟು ಸಲ ಆರಿಸುತ್ತಾರೆ, ಆರಿಸಿದವರು ಎಷ್ಟು ಸಲ ಗೆಲ್ಲುತ್ತಾರೆ ಎಂಬ ಎರಡು ಲೆಕ್ಕಗಳನ್ನು ಒಟ್ಟಿಗೆ ನೋಡಬೇಕು. ಹೆಚ್ಚು ಆರಿಸಿ ಕಡಿಮೆ ಗೆಲ್ಲುವ ಧರ್ಮ ಕಥೆಯಿಂದ ಬದುಕಿದೆ. ಕಡಿಮೆ ಆರಿಸಿ ಹೆಚ್ಚು ಗೆಲ್ಲುವ ಧರ್ಮದ ಬಲ ಇನ್ನೂ ಎಲ್ಲರ ಕಣ್ಣಿಗೆ ಬಿದ್ದಿಲ್ಲ. ತಿದ್ದುವಾಗ ಬಲವನ್ನು ಕತ್ತರಿಸುವುದಕ್ಕಿಂತ ಬೆಲೆ ಏರಿಸುವುದು ಮೇಲು. ಬಲ ಕತ್ತರಿಸಿದರೆ ಧರ್ಮದ ಗುಣ ಮಸುಕಾಗುತ್ತದೆ. ಬೆಲೆ ಏರಿಸಿದರೆ ಗುಣ ಹಾಗೇ ಉಳಿದು ನಿರ್ಧಾರ ಕಷ್ಟವಾಗುತ್ತದೆ.

ಪ್ರಳಯದ ಎಣಿಕೆಯ ನಿಜವಾದ ಬಲ ಹಲವು ಮನುಷ್ಯರು ಸೇರಿ ಆಡಿದಾಗ ಕಾಣುತ್ತದೆ. ಕೆಡುಕು ಮಾಡಿದವನು ಒಬ್ಬ, ಪಿಡುಗು ಎಲ್ಲರಿಗೂ. ಆದ್ದರಿಂದ ಹಳೆಯ ಹಗೆಗಳನ್ನು ಬದಿಗಿಟ್ಟು ಉಳಿದವರು ವೇಲ್ ವಿರುದ್ಧ ಒಂದಾಗುತ್ತಾರೆ. ಕಂಪ್ಯೂಟರ್ ನಡೆಸುವ ಅರಸರು ಅಲೈನ್‌ಮೆಂಟ್ ನೋಡಿ ಸಿಟ್ಟಾಗಬಲ್ಲರು, ಆದರೆ ಬರಲಿರುವ ಪ್ರಳಯವನ್ನು ಲೆಕ್ಕ ಹಾಕಿ ಮೈತ್ರಿ ಕಟ್ಟುವ ದೂರದೃಷ್ಟಿ ಅವರಿಗೆ ಸಾಲದು. ಒಬ್ಬನೇ ಆಡುವವನ ಕೈಯಲ್ಲಿ ದುಷ್ಟ ರಾಜ್ಯಗಳು ಸ್ವಲ್ಪ ಅಗ್ಗವಾಗುವುದಕ್ಕೆ ಇದೇ ಕಾರಣ.

ಮಾಡ್ ಉಚಿತ, ಬಿಯಾಂಡ್ ದ ಸ್ವೋರ್ಡ್ ಇರುವ ಸಿವಿಲೈಸೇಷನ್ 4 ಇದ್ದರೆ ಸಾಕು. ಆಸಕ್ತರು ಒಂದೇ ನಕ್ಷೆಯನ್ನು ಎರಡು ಸಲ ಆಡಿ ನೋಡಬೇಕು. ಒಮ್ಮೆ ಅವಶೇಷಗಳನ್ನು ಪಾವನಗೊಳಿಸುತ್ತಾ ಸಾಗುವ ಎಲೋಹಿಮ್ ಆಗಿ, ಇನ್ನೊಮ್ಮೆ ಪ್ರಳಯ ಹತ್ತಿರವಾದಷ್ಟೂ ತಮ್ಮ ದ್ವಾರಗಳಿಂದ ಹೆಚ್ಚು ದೈತ್ಯರನ್ನು ಪಡೆಯುವ ಶೆಯಾಯಿಮ್ ಆಗಿ.